ಪಿಯೆರಾ ಮಾವನ ದಬ್ಬಳ

ನಮ್ಮ ಕೌತೊಕೈನೊ ಊರಲ್ಲಿ ಹಿಮಸಾರಂಗ ಮೇಯಿಸುವವರಿಗೆ ಎಲ್ಲವೂ ಗೊತ್ತು, ತಮ್ಮ ಹಿಮದ ಮೇಲೆ ಓಡುವ ಸ್ಕೂಟರಿನ ಎಂಜಿನ್ ಒಂದು ಬಿಟ್ಟು. ಪಿಯೆರಾ ಮಾವ ಹೊಸ ಸ್ಕೂಟರನ್ನು ಹಳೆಯದರ ಹಿಂದೆ ಕಟ್ಟಿ ನನ್ನ ಗ್ಯಾರೇಜಿಗೆ ಎಳೆದು ತಂದ.

"ದರಿದ್ರದ್ದು, ಸ್ಟಾರ್ಟೇ ಆಗಲ್ಲ. ಹಳೇದನ್ನ ನೋಡು, ಹೆಂಗೆ ಓಡುತ್ತೆ!"

ಬಿಚ್ಚಿ ನೋಡಿದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಮೂತಿ ಇಲಿ ಕಡಿದ ಹಾಗಿತ್ತು.

"ಮಾವ, ಇದಕ್ಕೇನು ಮಾಡ್ದೆ?"

"ಕ್ಲೀನ್ ಮಾಡ್ದೆ. ನಲವತ್ತು ವರ್ಷದಿಂದ ಹಳೇ ಗಾಡಿಗಳ ಕಾರ್ಬುರೇಟರ್ ತೂತನ್ನ ಇದ್ರಲ್ಲೇ ಚುಚ್ಚಿ ಕ್ಲೀನ್ ಮಾಡ್ತಿದೀನಿ," ಎಂದು ಟೊಪ್ಪಿಯಿಂದ ಸಾರಂಗದ ಚರ್ಮ ಹೊಲಿಯುವ ಮೂರಂಚಿನ ಸೂಜಿ ಕಿತ್ತು ತೋರಿಸಿದ. ಅದೇನು ಜಂಬ!

"ಈ ತೂತು ಕೂದಲೆಳೆಯಷ್ಟು ಸಣ್ಣದು. ಅದಕ್ಕೆ ದಬ್ಬಳ ತುರುಕಿದ್ಯಲ್ಲ, ತಲೇಲಿ ಏನಿದೆ ನಿಂಗೆ?"

"ಹಿರಿಯರ ಹತ್ರ ಹಿಂಗಾ ಮಾತಾಡೋದು, ಹುಡುಗಿ?"

ಹೊಸ ಇಂಜೆಕ್ಟರ್ ಕೂರಿಸಿದೆ. ಬೇಸಿಗೆಗೆ ಗಾಡಿ ನಿಲ್ಲಿಸುವ ಮುಂಚೆ ಟ್ಯಾಂಕಿಗೆ ಪೆಟ್ರೋಲ್ ಕೆಡದ ಹಾಗೆ ಕಾಯುವ ಔಷಧಿ ಹಾಕಬೇಕು, ವರ್ಷಕ್ಕೊಮ್ಮೆ ಫಿಲ್ಟರ್ ಬದಲಿಸಬೇಕು, ಮಿಕ್ಕಿದ್ದಕ್ಕೆ ಕೈ ಹಾಕಬಾರದು ಎಂದು ಮಗುವಿಗೆ ಹೇಳುವ ಹಾಗೆ ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದ.

ಹೊರಡುವಾಗ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ:

"ಅಷ್ಟು ಸಣ್ಣ ಸೂಜಿ ಎಲ್ಲಿ ಸಿಗುತ್ತೆ?"