ಎರಡನೇ ಭಾಗದ ‘ನೀವು’

ಕೊರೆಯೋ ಸದ್ದು ನಿಂತಿತು, ಇಲ್ಲ, ಮತ್ತೆ ಶುರುವಾಯ್ತು, ಅದು ಒಳಗಿರೋ ನಮ್ಮ ಪುಟ್ಟಿಯದ್ದಲ್ಲ, ಪಕ್ಕದ ಕುರ್ಚಿಯವರದ್ದಿರಬೇಕು, ಹಲ್ಲು ಕೀಳೋಕೆ ಕೊರೆಯಲ್ಲ ಅಂತ ಡಾಕ್ಟರಮ್ಮ ಹೇಳಿದ್ರಲ್ಲ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಎಳೆಯೋದಷ್ಟೇ, ಐದು ನಿಮಿಷದ ಕೆಲಸ ಅಂದರು, ಯಾರ ಐದು ನಿಮಿಷವೋ — ಇವಳ ಪುಸ್ತಕದಲ್ಲಿ ಎಲ್ಲಿದ್ದೆ, ಹಾಂ, ಬಾವಿ, ರಾಜಕುಮಾರ ಬಾವಿಯಿಂದ ಎದ್ದು ಬಂದ, ಮೈಯೆಲ್ಲ ಒದ್ದೆ, ನೆರಳು ಮಾತ್ರ ಒಣಗಿದೆಯಂತೆ, ನೆರಳು ಒಣಗೋದು ಅಂದರೇನು ದೇವರೇ, ಅವನು ಬಾವಿಗೆ ಬಿದ್ದಿದ್ದಾದರೂ ಯಾವಾಗ, ಎಲ್ಲ ಒಂದನೇ ಭಾಗದಲ್ಲಿ ಆಗಿಹೋಗಿದೆ, ಇಲ್ಲಿ ಯಾರೂ ಏನನ್ನೂ ಬಿಡಿಸಿ ಹೇಳಲ್ಲ, ಕೆಳಗಿನ ಮಹಡಿಯೇ ಇಲ್ಲದ ಕಟ್ಟಡಕ್ಕೆ ಲಿಫ್ಟು ಕೂರಿಸಿದ ಹಾಗಿದೆ. ಹಾಗಂತ ಒಂದನೇ ಭಾಗ ನನಗೆ ಗೊತ್ತೇ ಇಲ್ಲ ಅಂತಲೂ ಅಲ್ಲ, ಶಾಲೆಗೆ ಬಿಡುವಾಗ ಬೈಕಿನ ಹಿಂದೆ ಕೂತು ದಿನಾ ಹೇಳ್ತಿದ್ದಳು, ಅರ್ಧ ಗಾಳಿಗೆ ಹೋಯ್ತು, ಅರ್ಧ ಹೆಲ್ಮೆಟ್ಟಿಗೆ ಹೋಯ್ತು, ನನಗೆ ಉಳಿದಿದ್ದು ಒಂದು ಮಾತಾಡೋ ಕಾಗೆ, ಒಬ್ಬಳು ಕುರುಡಿ ರಾಣಿ, ಅಷ್ಟೇ, ಏ ಲಿಫ್ಟು, ಕೇಳ್ತಿದೀಯಾ ನೀನು ಅನ್ನೋಳು, ಹೂಂ ಕಣೇ ಕೇಳ್ತಿದೀನಿ, ಹಾಗಾದ್ರೆ ರಾಣಿ ಕಣ್ಣು ಯಾರ ಹತ್ರ ಇದೆ ಹೇಳು, ಕಾಗೆ ಹತ್ರ, ಅಯ್ಯೋ ನಿನ್ನ ತಲೆ, ಅಂತ ಬೆನ್ನಿಗೊಂದು ಗುದ್ದು. ಲಿಫ್ಟು ಅಂದರೆ ನಾನೇ. ಇವಳಿಗೆ ನಾಲ್ಕು ವರ್ಷ ಇದ್ದಾಗ ಅವರ ಕಟ್ಟಡದ ಲಿಫ್ಟು ಎರಡು ಮಹಡಿ ನಡುವೆ ನಿಂತುಬಿಟ್ಟು, ಅಮ್ಮ ಮಗಳು ಒಳಗೆ ಸಿಕ್ಕಿಹಾಕಿಕೊಂಡಿದ್ದರು, ಬಾಗಿಲು ಬಿಡಿಸಿ ಎತ್ತಿಕೊಂಡ ರಿಪೇರಿಯವನು ನಾನು, ಆವತ್ತಿಂದ ಲಿಫ್ಟು, ಅವಳಮ್ಮನನ್ನ ಮದುವೆಯಾದ ಮೇಲೂ ಲಿಫ್ಟೇ, ಅಪ್ಪ ಅನ್ನು ಅಂತ ನಾನು ಯಾವತ್ತೂ ಕೇಳಲಿಲ್ಲ, ನೀನು ಅಂತಿದ್ದಳಲ್ಲ, ನನಗೆ ಅದೇ ಸಾಕಾಗಿತ್ತು.

ಹೋದ ವಾರ ಒಂದು ಬೆಳಗ್ಗೆ, ನಾನು ಶೂ ಹಾಕಿಕೊಳ್ತಾ ಇದ್ದೆ, ಬಂದು ನಿಂತಳು, ನೀವು ನನ್ನ ಚಾರ್ಜರ್ ನೋಡಿದ್ರಾ, ಹಿಂದೆ ಯಾರೋ ನೆಂಟರು ಬಂದಿದಾರೆ ಅಂತ ತಿರುಗಿ ನೋಡಿದೆ ನಾನು, ಪೆದ್ದ, ಹಿಂದೆ ಗೋಡೆ, ನೀವು ಅಂದಿದ್ದು ನನಗೇ, ಆ ವು ಅನ್ನುವಾಗ ಕೆಳತುಟಿ ಮೇಲೆದ್ದು ಹಲ್ಲಿಗೆ ತಾಕಿತು, ಅದೊಂದು ಕಣ್ಣಿಗೆ ಕಟ್ಟಿದೆ, ಯಾವ ಲಿಫ್ಟಿನ ಗುಂಡಿಗೆ ಇಳಿದು ಕೂತರೂ ಆ ತುಟಿಯೇ ಎದ್ದುಬರುತ್ತೆ. ಅವಳಮ್ಮ ನಕ್ಕುಬಿಟ್ಟಳು, ದೊಡ್ಡೋಳಾದಳು, ಮರ್ಯಾದೆ ಕಲೀತಿದಾಳೆ, ಆ ಕರೀ ಪುಸ್ತಕ ಹಿಡಿದಾಗಿಂದ ಹೀಗೆ, ಅದರಲ್ಲಿ ಹೀಗೇ ಮಾತಾಡ್ತಾರೇನೋ ಅಂತ. ಮರ್ಯಾದೆಯಂತೆ, ಅಮ್ಮನಿಗೆ ಮಾತ್ರ ಇನ್ನೂ ನೀನೇ, ನನಗೊಬ್ಬನಿಗೆ ಯಾಕೆ ಈ ಮರ್ಯಾದೆ. ಅದೇ ವಾರ ಇವಳಪ್ಪನ ಫೋನು ಬೇರೆ ಬಂತು, ಹೆತ್ತ ಅಪ್ಪ, ಆರು ವರ್ಷ ಸುದ್ದಿ ಇಲ್ಲದವನು, ನನ್ನ ಜೊತೆ ಬಂದಿರು ಮಗಳೇ, ಇಲ್ಲಿ ನಿನಗೊಂದು ಕೋಣೆ ಮಾಡಿದೀನಿ, ಭಾನುವಾರ ಹೇಳು ಅಂದನಂತೆ, ಭಾನುವಾರ ಅಂದರೆ ನಾಡಿದ್ದು, ಫೋನು ಮೊದಲೋ ಪುಸ್ತಕ ಮೊದಲೋ, ಎಷ್ಟು ಹಿಂದೆ ಮುಂದೆ ಮಾಡಿದರೂ ತಲೆಗೆ ಹತ್ತಲ್ಲ. ಹೋಗ್ತಾಳಾ ಅಂತ ಕೇಳೇ ಅಂದರೆ ಇವಳಮ್ಮ, ನಾನೂ ಕೇಳಲ್ಲ, ನೀನೂ ಕೇಳಬೇಡ, ಅವಳಾಗೇ ಹೇಳಲಿ ಅಂದಳು. ಹೇಳಲಿ, ಹೇಳಲಿ, ಅಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿರುತ್ತೆ. ಇವತ್ತು ಅವಳಮ್ಮನಿಗೆ ರಜೆ ಸಿಗದೆ ನಾನು ಇವಳನ್ನ ಕರ್ಕೊಂಡು ಬಂದೆ, ಒಳಗೆ ಹೋಗುವಾಗ ಪುಸ್ತಕ ನನ್ನ ಕೈಗಿಟ್ಟಳು, ಇದನ್ನ ಹಿಡ್ಕೊಂಡಿರಿ ಅಂತಷ್ಟೇ, ಹಿಡ್ಕೊಂಡಿರಿ.

ಆಮೇಲೆ ತೆಗೆದಿದ್ದು ನಾನು, ನೀವು ಎಲ್ಲಿಂದ ಬಂತು ಅಂತ ಹುಡುಕೋಕೆ, ನಗು ಬರುತ್ತೆ, ಕಳ್ಳ ವೈರು ಹುಡುಕೋ ಹಾಗೆ ಪುಟ ಪುಟ ತಡವಿದೆ, ಹೆಸರುಗಳೋ ನಾಲಿಗೆಗೆ ಸಿಗಲ್ಲ, ಸತ್ತವರೆಲ್ಲ ಎದ್ದು ಓಡಾಡ್ತಾರೆ, ಬದುಕಿರೋರು ಪಿಸುಗುಟ್ಟುತ್ತಾರೆ, ಕೊನೆಗೆ ಇಲ್ಲಿ ಸಿಕ್ತು, ಬಾವಿಯಿಂದ ಬಂದ ರಾಜಕುಮಾರನಿಗೆ, ತನ್ನ ಅಣ್ಣನಿಗೇ, ತಂಗಿ ನೀವು ಅಂತಾಳೆ, ಮೊದಲು ಅಚ್ಚಿನ ತಪ್ಪು ಅಂದುಕೊಂಡೆ, ಅವನೂ ಕೇಳ್ತಾನೆ, ಪಾಪ, ನನ್ನ ಹಾಗೇ ಗಾಬರಿ ಅವನಿಗೆ, ನೀನು ಅನ್ನುತ್ತಿದ್ದವಳು ಇದೇನು ಹೊಸದು ಅಂತ. ಅದಕ್ಕವಳು, ನನ್ನ ಅಣ್ಣ ಇನ್ನೂ ಬಾವಿಯ ತಳದಲ್ಲೇ ಇದ್ದಾನೆ, ನಾನು ಇಣುಕಿ ನೋಡಿದ್ದೇನೆ, ನೀವು ಯಾರೋ ನನಗೆ ಗೊತ್ತಿಲ್ಲ. ಅಲ್ಲಿಗೆ ನನ್ನ ಕಥೆ ಮುಗೀತು ಅಂದುಕೊಂಡೆ, ನೋಡಿದರೆ ಇನ್ನೊಂದು ಸಾಲಿದೆ, ಬಾಗಿಲು ಹಾಕಿಕೊಂಡು ಒಳಗೆ ಬನ್ನಿ, ಹೊರಗೆ ಚಳಿ. ಒಳಗೆ ಬನ್ನಿ! ಇದು ಒಳ್ಳೇದಾ ಕೆಟ್ಟದ್ದಾ, ಅಣ್ಣ ಅಲ್ಲ ಅಂತ ಗೊತ್ತಿದ್ದೂ ಯಾಕೆ ಕರೆದಳು, ಪ್ರೀತಿಗಾ, ಕೊಲ್ಲೋಕಾ, ಪುಟ ತಿರುಗಿಸಿದರೆ ಅಧ್ಯಾಯವೇ ಮುಗಿದುಹೋಗಿದೆ, ಮುಂದೆ ಕಾಗೆ, ಹಾಳಾದ ಕಾಗೆ ಯಾವುದೋ ಸಮುದ್ರದ ಮೇಲೆ ಹಾರ್ತಾ ಇದೆ, ಈ ಬರೆಯೋರಿಗೆ ಕರುಣೆ ಅನ್ನೋದೇ ಇಲ್ಲ — ಬಾಗಿಲು, ಒಳಗಿನ ಬಾಗಿಲು ತೆರೀತು, ಇವಳೇ, ಒಂದು ಕೆನ್ನೆ ಊದಿದೆ, ಹತ್ತಿ ಕಚ್ಚಿಕೊಂಡಿದಾಳೆ, ಹಿಂದಿನಿಂದ ನರ್ಸು, ಒಂದು ಗಂಟೆ ತುಟಿ ನಾಲಿಗೆ ಸ್ವಾಧೀನ ಇರಲ್ಲ, ಹೆಚ್ಚು ಮಾತಾಡಿಸಬೇಡಿ, ಅಂದರು, ಸರಿ ಸರಿ ಅಂದೆ, ಎದ್ದು ನಿಂತೆ, ಪುಸ್ತಕದೊಳಗೆ ಬೆರಳು ಹಾಗೇ ಸಿಕ್ಕಿಕೊಂಡಿದೆ, ಅವಳು ಬೆರಳು ನೋಡಿದಳು, ಪುಟ ನೋಡಿದಳು, ಮುಖ ನೋಡಿದಳು, ಮಾತಾಡಿಸಬೇಡಿ ಅಂದಿದಾರೆ, ಇವಳಮ್ಮ ಕೇಳಬೇಡ ಅಂದಿದಾಳೆ, ಬಾಯಿ ತಾನಾಗೇ ಬಿಟ್ಟುಬಿಡ್ತು, ಈ ತಂಗಿ ಅವನನ್ನ ಒಳಗೆ ಯಾಕೆ ಕರೀತಾಳೆ ಪುಟ್ಟಿ, ಅವನು ಅಣ್ಣ ಅಲ್ಲವಲ್ಲ. ಅವಳ ಮರಗಟ್ಟಿದ ಕಡೆಯಿಂದ ಜೊಲ್ಲು ಇಳೀತಿದೆ, ಕೆಂಪಗೆ, ಅವಳಿಗೆ ಗೊತ್ತಾಗ್ತಿಲ್ಲ, ಕರವಸ್ತ್ರ ತೆಗೆದೆ, ಎಣ್ಣೆ ಕಮಟು, ಪರವಾಗಿಲ್ಲ, ಹೆಲ್ಮೆಟ್ಟಿನ ಪಟ್ಟಿ ಮುಟ್ಟೋಕೂ ಬಿಡದವಳು ಗಲ್ಲ ಮುಂದೆ ಮಾಡಿ ನಿಂತಳು, ಒರೆಸಿದೆ, ಏನೋ ಹೇಳೋಕೆ ಹೊರಟಳು, ನೀ ಅಂದಳು, ನೀ, ಮುಂದೆ ಬರೋದು ನು ನಾ, ವು ನಾ, ತುಟಿ ಮೇಲೇಳ್ತಿದೆ, ಹಲ್ಲಿನ ಕಡೆಗೆ, ಇಲ್ಲ ಅಲ್ಲಾಡ್ತಿದೆ ಅಷ್ಟೇ, ನೀ, ಸ್ವಲ್ಪ ಎದ್ದು ಜೋತುಬಿತ್ತು, ಮತ್ತೆ ಎದ್ದಿತು, ನನ್ನ ಕರವಸ್ತ್ರದ ಮೇಲೆ ಒದ್ದೆ, ಬಿಸಿ, ಹಲ್ಲಿಗೆ ತಾಕದೆ, ಕೆಳಗೂ ಇಳಿಯದೆ, ಆ ತುಟಿ, ನೀ, ಆ ತುಟಿ