ಮುದ್ದೆ ಹಿಡಿತ

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ತನ್ನ ಪುಟ್ಟ ಹೋಟೆಲಿನಲ್ಲಿ ಭಾನುಪ್ರಿಯಾ ಕಟ್ಟುವ ರಾಗಿಮುದ್ದೆಯಲ್ಲಿ ಒಂದು ಬಿರುಕೂ ಇರುವುದಿಲ್ಲ ಎಂಬುದು ದೇಶದೇಶಗಳ ರಕ್ಷಣಾ ಮಂತ್ರಿಗಳು ಕೂತು ಚರ್ಚಿಸಬೇಕಾದ ಘನವಾದ ವಿಷಯ. ಗಿರಾಕಿಗಳಿಗೆ ಇದು ತಿಳಿದಿರಲಿಲ್ಲ. ಅವರು ಉಪ್ಪುಸಾರಿನ ಖಾರವನ್ನಷ್ಟೇ ಚರ್ಚಿಸುತ್ತಿದ್ದರು.

ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಬಲಗೈ ಕಳೆದುಕೊಂಡಿದ್ದ ಅವಳಿಗೆ ಪರದೇಶದ ಕಂಪನಿ ಪ್ರಯೋಗಕ್ಕೆಂದು ಯಂತ್ರದ ಕೈ ತೊಡಿಸಿತ್ತು. ಪೆನ್ನು ಹಿಡಿಯುವುದು, ಕೈ ಕುಲುಕುವುದು, ವೈನ್ ಗ್ಲಾಸ್ ಎತ್ತುವುದು ಅದಕ್ಕೆ ಬರುತ್ತಿತ್ತು. ಮುದ್ದೆ ಬರುತ್ತಿರಲಿಲ್ಲ. ವರ್ಷಗಟ್ಟಲೆ ಹಿಟ್ಟು ಹಾಳುಮಾಡಿ, ಆ ಕೈಯನ್ನು ಬಾಯಿಗೆ ಬಂದಂತೆ ಬೈದು ಅವಳೇ ಕಲಿಸಿದಳು. ಕೈ ಕಲಿತದ್ದೆಲ್ಲ ಅವಳ ಫೋನಿನ ಮೂಲಕ ಕಂಪನಿಗೂ ಹೋಗುತ್ತಿತ್ತು.

ಆ ಕಂಪನಿಯ ಮಲ್ಲಿಕಾರ್ಜುನ್ ಮೈಸೂರಿನಿಂದ ಬಂದವನು, ಊಟ ಮುಗಿಸಿಯೇ ವಿಷಯ ತೆಗೆದ.

"ಮೇಡಂ, ಸೋಮವಾರದಿಂದ ನಿಮ್ಮ ಕೈಗೆ ಈ ಹಿಡಿತ ಇರಲ್ಲ. ಬರೀ ಬೆರಳು ಬಿಚ್ಚೋದು, ಮಡಚೋದು."

"ಯಾಕ್ ಸಾ, ಮುದ್ದೆ ಗಂಟಾಗಿತ್ತಾ?"

"ಬೊಂಬಾಟಾಗಿತ್ತು. ಅದೇ ತೊಂದರೆ. ಮೆತ್ತಗಿರೋದನ್ನ ಒಡೀದ ಹಾಗೆ ತಿರುಗಿಸೋ ಹಿಡಿತ ಬೇರೆ ಯಾವ ಯಂತ್ರಕ್ಕೂ ಬಂದಿಲ್ಲ. ನಮ್ಮ ಕಂಪನಿ ಇರೋ ದೇಶದ ಸೈನ್ಯ ಅದನ್ನ ಬಾಂಬು ಬಿಚ್ಚೋ ರೋಬೋಟಿಗೆ ಹಾಕ್ಕೊಂಡಿದೆ. ಈಗ ಅದು ಆ ದೇಶದ ಗುಟ್ಟು. ಹೊರಗಿನವರ ಹತ್ರ ಇರಂಗಿಲ್ಲ."

"ಒರಗ್ನೋರು ಅಂದ್ರೆ ಯಾರು?"

ಮಲ್ಲಿಕಾರ್ಜುನ್ ಮಜ್ಜಿಗೆ ಕುಡಿದು ಲೋಟ ಇಟ್ಟ. "ನೀವು."

ಮೂಲೆಯಲ್ಲಿ ಉಣ್ಣುತ್ತಿದ್ದ ಖಾಯಂ ಗಿರಾಕಿ ರಂಗನಾಯಕ ತಲೆಯೆತ್ತಿದ. "ಉಷಾರು ಕಣವ್ವ, ನಾನೂ ಗೂಢಚಾರನೇಯ. ಇನ್ನರ್ಧ ಮುದ್ದೆ ಆಕು."

ಭಾನುಪ್ರಿಯಾ ನಗಲಿಲ್ಲ. "ಮುದ್ದೆ ಇಲ್ದಿದ್ರೆ ಈ ಓಟ್ಲು ಬಾಗ್ಲು ಮುಚ್ಚದೇಯ ಸಾ. ನಾ ಕಲ್ಸಿದ್ ಇದ್ಯೆ, ನಂಗೇ ಬ್ಯಾಡ ಅಂತೀರಲ್ಲ! ಎಂಗ್ ಅಳಿಸ್ತೀರಿ?"

"ನಾವೇನೂ ಮಾಡಬೇಕಾಗಿಲ್ಲ. ನಿಮ್ಮ ಫೋನು ಕೈ ಹತ್ತಿರ ಇದ್ದರೆ ತಾನಾಗೇ ಅಳಿಸಿಹೋಗುತ್ತೆ."

"ಫೋನು ಅತ್ರ ಇಲ್ದಿದ್ರೆ?"

ಮಲ್ಲಿಕಾರ್ಜುನ್ ಜೇಬಿನಲ್ಲಿದ್ದ ತನ್ನ ಫೋನನ್ನು ಮುಟ್ಟಿ ನೋಡಿಕೊಂಡ. "ಹಾಗೆ ಯಾರಿರ್ತಾರೆ ಮೇಡಂ?"

ಅವಳು ಫೋನನ್ನು ಸ್ವಿಚ್ ಆಫ್ ಮಾಡಿ ರಂಗನಾಯಕನ ಎಲೆಯ ಪಕ್ಕಕ್ಕಿಟ್ಟಳು. "ತಕ್ಕೊಂಡೋಗಿ ಬನ್ನೂರು ಸಂತೇಲಿ ಮಾರ್ಬುಡು ಮಾವ."

"ಕೈ ಕೆಟ್ಟರೆ ರಿಪೇರಿಗೆ ಯಾರೂ ಬರಲ್ಲ," ಎಂದ ಮಲ್ಲಿಕಾರ್ಜುನ್.

"ಕೆಟ್ಟಾಗ ನೋಡ್ಕೊಂಡ್ರಾಯ್ತು."

ಗಿರಾಕಿಗಳು ಫೋನಿಗೆ ದುಡ್ಡು ಹಾಕಲೆಂದು ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡನ್ನು ಅವಳು ಆ ಯಂತ್ರದ ಕೈಯಿಂದಲೇ ಅಂಚು ಹರಿಯದಂತೆ ಕಿತ್ತಳು.

ಸೋಮವಾರ ಬಂತು, ಹೋಯಿತು. ಹಿಡಿತ ಹಾಗೇ ಇದೆ. ಭಾನುಪ್ರಿಯಾಳ ಹತ್ತಿರ ಫೋನಿಲ್ಲ.