ಒಗೆಯದೆ ಬಿಟ್ಟದ್ದು

ತಂತಿಯ ಮೇಲೆ ಹರವಿದ್ದ ಕಂಬಳಿ ತುಂಡಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹುಡುಗಿ ಶಾಲೆಯ ಚೀಲ ಇಳಿಸದೆ ಅದರ ಕೆಳಗೆ ನಿಂತು ನೋಡಿದಳು. ಆಮೇಲೆ ಕೋಣೆಗೆ ಹೋಗಿ, ನೆಲಕ್ಕೆ ಕೆನ್ನೆ ಹಚ್ಚಿ ಮಂಚದ ಕೆಳಗೆ ಇಣುಕಿದಳು. ಬೆಳಿಗ್ಗೆ ಕಂಬಳಿಯ ಮೇಲೆ ಮುದುಡಿ ಕೂತಿದ್ದ ಬೆಕ್ಕು ಈಗ ಟ್ರಂಕಿನ ಹಿಂದೆ ಗೋಡೆಗೆ ಮುಖ ಮಾಡಿಕೊಂಡು ಕೂತಿತ್ತು. ಬಟ್ಟಲಿನ ಊಟ ಇಟ್ಟ ಹಾಗೇ ಇತ್ತು.

"ಅದನ್ನ ಯಾಕೆ ಒಗೆದ್ರಿ?"

ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ ಹೆಂಗಸಿನ ಕೈ ನಿಂತಿತು. ಯಾಕೆ ಅಂದರೆ ಏನು ಹೇಳುವುದು? ನಾರುತ್ತಿತ್ತು, ಒಗೆದಳು. ಮದುವೆಗೆ ಎಷ್ಟೋ ವರ್ಷ ಮೊದಲಿನಿಂದಲೂ ಅವಳು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿದ್ದಳು. ಅಲ್ಲಿ ಯಂತ್ರದಿಂದ ಬಂದ ಹಾಸು, ಹೊದಿಕೆ, ದಿಂಬಿನ ಕವರು, ಒಂದೊಂದನ್ನೂ ಮಡಿಚುವ ಮುಂಚೆ ಮೂಗಿಗೆ ಹಿಡಿದು ನೋಡಬೇಕು. ಏನಾದರೂ ವಾಸನೆ ಬಂತೋ, ಮತ್ತೆ ಡ್ರಮ್ಮಿಗೆ. ಈ ಕೆಲಸದಲ್ಲಿ ಅವಳನ್ನು ಮೀರಿಸಿದವರಿಲ್ಲ. ಜೊತೆಯವರು ಅವಳನ್ನು 'ಮೂಗು' ಎಂದೇ ಕರೆಯುತ್ತಿದ್ದರು. ಆ ಮೂಗಿಗೆ ಬೇರೆ ಸಂಬಳ ಕೊಡಬೇಕು ಎಂದು ಮೇಸ್ತ್ರಿ ತಮಾಷೆ ಮಾಡುತ್ತಿದ್ದ.

"ತುಂಬ ನಾರ್ತಿತ್ತು ಪುಟ್ಟೀ."

"ಬೆಕ್ಕಿಗೆ ತನ್ನದು ಅಂತ ಅದೊಂದೇ ಇತ್ತು," ಅಂದಳು ಹುಡುಗಿ. ಕೂಗಲಿಲ್ಲ, ಅಳಲಿಲ್ಲ. ಬಾಗಿಲು ಹಾಕಿಕೊಂಡಳು.

ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಲಾರಿ ಡ್ರೈವರ್, ವಾರದಲ್ಲಿ ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಉಳಿದ ಹೊತ್ತೆಲ್ಲ ಅವಳು ಮತ್ತು ತಾಯಿಯಿಲ್ಲದ ಅವನ ಮಗಳು. ಹುಡುಗಿ ಎದುರು ಮಾತಾಡುವವಳಲ್ಲ, ಹೇಳಿದ ಕೆಲಸ ಮಾಡುತ್ತಿದ್ದಳು. ಆದರೆ ಅಮ್ಮ ಅನ್ನುವುದಿರಲಿ, ಚಿಕ್ಕಮ್ಮ ಅಂತಲೂ ಒಮ್ಮೆ ಕರೆದಿರಲಿಲ್ಲ. ಎದುರಿಗೆ ಬಂದು ನಿಂತು, ಇವಳು ತಲೆಯೆತ್ತಿ ನೋಡುವವರೆಗೆ ಕಾಯುತ್ತಿದ್ದಳು. ದಿನವಿಡೀ ನಿಂತು ಕೆಲಸ ಮಾಡಿದ ಕಾಲುಗಳಿಗಿಂತ ಆ ಕಾಯುವಿಕೆಯೇ ಇವಳಿಗೆ ಹೆಚ್ಚು ಸುಸ್ತು ಮಾಡುತ್ತಿತ್ತು.

ಬೆಕ್ಕು ತರುವ ಯೋಚನೆ ಗಂಡನದು. ಇಬ್ಬರಿಗೂ ಮಾತಾಡಲು ಒಂದು ನೆಪವಾಗಲಿ ಎಂದು. ಪ್ರಾಣಿಗಳ ಆಶ್ರಯಧಾಮದ ಹೆಂಗಸು ಬೆಕ್ಕನ್ನು ಒಪ್ಪಿಸುವಾಗ ಹೇಳಬೇಕಾದ್ದನ್ನೆಲ್ಲ ಹೇಳಿದ್ದಳು. ಮೊದಲು ಒಂದೇ ಕೋಣೆಯಲ್ಲಿಡಿ, ಅವಿತು ಕೂತರೆ ಎಳೆಯಬೇಡಿ, ತಾನಾಗಿ ಬರಲಿ, ಇಲ್ಲಿ ಅದು ಮಲಗುತ್ತಿದ್ದ ಈ ಕಂಬಳಿ ತುಂಡು ಜೊತೆಗಿರಲಿ. ಹೊಂದಿಕೊಳ್ಳದಿದ್ದರೆ ವಾಪಸ್ ತನ್ನಿ, ಬೇರೆ ಯಾರಾದರೂ ಒಯ್ಯುತ್ತಾರೆ. ಕೆಲಸ ಮುಗಿಸಿ ನೇರ ಅಲ್ಲಿಗೆ ಹೋಗಿದ್ದ ಇವಳು ಅರ್ಧ ಕೇಳಿ ಅರ್ಧ ಬಿಟ್ಟಿದ್ದಳು. ಈಗ ಗಂಡ ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ, ಭಾನುವಾರ ಬರುತ್ತೇನೆ, ಅಷ್ಟರೊಳಗೆ ತಿನ್ನದಿದ್ದರೆ ಪಾಪ, ವಾಪಸ್ ಬಿಟ್ಟುಬರೋಣ ಅಂದ. ಬಾಗಿಲ ಹಿಂದೆ ಹುಡುಗಿ ಅದನ್ನು ಕೇಳಿಸಿಕೊಂಡದ್ದು ಇವಳಿಗೆ ಗೊತ್ತಾಯಿತು. ಬೆಕ್ಕು ಹೋದರೆ ಈ ಮನೆಯಲ್ಲಿ ಮಾತೂ ಅದರ ಜೊತೆಗೇ ಹೋಗುತ್ತದೆ ಎಂಬುದೂ ಗೊತ್ತಾಯಿತು.

ಮರುದಿನ ಊಟದ ಬಿಡುವಿನಲ್ಲಿ, ಮಡಿಚಿಟ್ಟ ಹಾಸುಗಳ ಅಟ್ಟಿಗೆ ಒರಗಿಕೊಂಡು ಆಶ್ರಯಧಾಮಕ್ಕೆ ಫೋನ್ ಮಾಡಿದಳು. ಆ ಹೆಂಗಸು ಬೈಯಲಿಲ್ಲ. "ಅಯ್ಯೋ, ಅದರ ವಿಳಾಸಾನೇ ಒಗೆದುಹಾಕಿದ್ದೀರಲ್ಲಮ್ಮ," ಅಂದಳು. ಬೆಕ್ಕಿಗೆ ಗುರುತೆಲ್ಲ ವಾಸನೆಯಲ್ಲೇ. ಮನೆಯವರು ಯಾರಾದರೂ ಉಟ್ಟು ಬಿಟ್ಟ ಬಟ್ಟೆಯನ್ನು, ಒಗೆಯದೆ, ಅದರ ಹತ್ತಿರ ಇಟ್ಟು ಸುಮ್ಮನಿರಿ ಎಂದು ಹೇಳಿದಳು.

ಫೋನ್ ಇಟ್ಟಮೇಲೂ ಅವಳು ಅಲ್ಲೇ ನಿಂತಿದ್ದಳು. ಈ ಮನೆಗೆ ಬಂದ ಹೊಸತರಲ್ಲಿ ತಾನು ಪರದೆ, ಹಾಸಿಗೆ, ಕಪಾಟಿನೊಳಗಿನದು, ಎಲ್ಲವನ್ನೂ ಎಳೆದುಹಾಕಿ ಒಗೆದದ್ದು ನೆನಪಾಯಿತು. ಕಪಾಟಿನ ಮೂಲೆಯಲ್ಲಿ ಒಂದು ಹಳೆಯ ದಿಂಬಿನ ಕವರಿತ್ತು. ಜಿಡ್ಡು ಹೋಗಲೆಂದು ಎರಡು ಸಲ ಕುದಿಸಿದ್ದಳು. ಆವತ್ತೇ ಹುಡುಗಿ ತನ್ನ ತಾಯಿಯ ಹಳದಿ ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಿಗಿಯಾಗಿ ಗಂಟು ಕಟ್ಟಿ ಕಪಾಟಿನ ನೆತ್ತಿಯ ಮೇಲೆ ತಳ್ಳಿದ್ದಳು. ಧೂಳಾಗದಿರಲಿ ಅಂತ ಇರಬೇಕು, ಎಷ್ಟು ಅಚ್ಚುಕಟ್ಟು ಹುಡುಗಿ ಎಂದು ಇವಳು ಮೆಚ್ಚಿಕೊಂಡಿದ್ದಳು! ಅದು ಧೂಳಿಗಲ್ಲ, ತನ್ನ ಸೋಪಿಗೆ ಹೆದರಿ ಎಂದು ಈಗ ಹೊಳೆದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಲಾಂಡ್ರಿಗೆಲ್ಲ ಹೆಸರಾದ ಮೂಗಿಗೆ ಮನೆಯೊಳಗಿನದು ಮಾತ್ರ ತಿಳಿಯಲಿಲ್ಲ.

ಸಂಜೆ ಬಂದವಳು ಕೆಲಸದ ಕೋಟಿನ ಒಳಗೆ ಹಾಕುತ್ತಿದ್ದ ಹತ್ತಿಯ ಅಂಗಿಯನ್ನು ಕಳಚಿದಳು. ಬೆವರಿಗೆ ಬೆನ್ನೆಲ್ಲ ಒದ್ದೆಯಾಗಿತ್ತು. ಕೈ ತಾನಾಗಿ ಬಕೆಟ್ಟಿನ ಕಡೆ ಹೋಯಿತು. ಅದನ್ನು ತಡೆದು, ನಾಚಿಕೆಯಿಂದಲೇ ಅಂಗಿಯನ್ನು ಮಂಚದ ಕೆಳಗೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಮೇಜಿನ ಮುಂದೆ ಹುಡುಗಿ ಲೆಕ್ಕ ಮಾಡುತ್ತಿದ್ದಳು.

"ನಿಮ್ಮಮ್ಮನ ದಿಂಬಿನ ಕವರೂ ನಾನು ಹೀಗೇ ಒಗೆದುಬಿಟ್ಟೆ," ಅಂದಳು. "ನಂಗೆ ಗೊತ್ತಾಗ್ಲಿಲ್ಲ. ನೀನೂ ಹೇಳ್ಲಿಲ್ಲ. ಹೇಳ್ಬೇಕಾಗಿರ್ಲಿಲ್ಲ, ನಾನೇ ಕೇಳ್ಬೇಕಿತ್ತು."

ಹುಡುಗಿ ಪೆನ್ಸಿಲನ್ನು ಪುಸ್ತಕದ ಮಧ್ಯೆ ಇಟ್ಟಳು. "ಅದ್ರಲ್ಲಿ ಅಮ್ಮನ ತಲೆ ಎಣ್ಣೆ ವಾಸನೆ ಇತ್ತು," ಅಂದಳು. "ಈಗ ಸೋಪಿನ ವಾಸನೆ ಬರುತ್ತೆ."

ತಪ್ಪಾಯಿತು ಎಂದರೆ ಆ ವಾಸನೆ ವಾಪಸ್ ಬರುವುದಿಲ್ಲ. ಆ ಸಂಜೆ ಬೆಕ್ಕೂ ಬರಲಿಲ್ಲ. ಮರುದಿನವೂ ಕೆಲಸದಿಂದ ಬಂದು ಅಲ್ಲೇ ಕೂತಳು. ಅದರ ಮರುದಿನ ಕೂತಲ್ಲೇ ಕತ್ತು ವಾಲಿ ನಿದ್ದೆ ಬಂತು. ಏನೋ ಕಟಕಟ ಸದ್ದಿಗೆ ಎಚ್ಚರಾದಾಗ ಬಾಗಿಲಲ್ಲಿ ಹುಡುಗಿ ತುಟಿಗೆ ಬೆರಳಿಟ್ಟು ನಿಂತಿದ್ದಳು. ಮಂಚದ ಕೆಳಗೆ, ಮುಂಗಾಲುಗಳನ್ನು ಅಂಗಿಯ ತೋಳಿನ ಮೇಲೂರಿ, ಬೆಕ್ಕು ಬಟ್ಟಲಿಗೆ ಬಾಯಿ ಹಾಕಿತ್ತು. ಒಂದು ಕಾಲು ಪೂರ್ತಿ ಮರಗಟ್ಟಿದ್ದರೂ ಅವಳು ಅಲ್ಲಾಡಲಿಲ್ಲ.

ಭಾನುವಾರ ಗಂಡ ಬರುವುದಕ್ಕೆ ಮೊದಲು, ಪ್ರತಿ ರಜಾದಿನದ ಹಾಗೆ, ಬುಟ್ಟಿ ಹಿಡಿದು ಕೊಳೆ ಬಟ್ಟೆ ಆರಿಸುತ್ತ ಕೋಣೆಗೆ ಬಂದಳು. ಬೆಕ್ಕು ಅಂಗಿಯನ್ನು ಮಂಚದ ಅಂಚಿನವರೆಗೆ ಎಳೆದುಕೊಂಡು, ಅದರ ಮೇಲೆ ಮಲಗಿತ್ತು. ಅಂಗಿಯ ತುಂಬ ಕೂದಲು. ಇರಲಿ ಅಂದುಕೊಂಡಳು. ಬಾಗಿಲಿನ ಮೊಳೆಯಿಂದ ಟವೆಲು ತೆಗೆದುಕೊಂಡಳು, ಹಾಸಿಗೆಯಿಂದ ಶಾಲೆಯ ಸಮವಸ್ತ್ರ. ತಿರುಗಿದರೆ ಕುರ್ಚಿಯ ಬೆನ್ನಿನ ಮೇಲೆ ಹಳದಿ ಶಾಲು ಇಳಿಬಿದ್ದಿತ್ತು. ಪ್ಲಾಸ್ಟಿಕ್ ಚೀಲ ಗಂಟು ಬಿಚ್ಚಿಕೊಂಡು ಮೇಜಿನ ಮೇಲಿತ್ತು.

ಹುಡುಗಿ ಪಕ್ಕದಲ್ಲೇ ಪುಸ್ತಕದೊಳಗೆ ತಲೆ ಹುದುಗಿಸಿ ಕೂತಿದ್ದಳು. ಪುಟದ ಮೂಲೆ ಹಿಡಿದ ಅವಳ ಬೆರಳು ಮುಂದೆ ಹೋಗಲಿಲ್ಲ.

ಶಾಲಿನ ಅಂಚಿನಲ್ಲಿ ಕಪ್ಪಾದ ಒಂದು ಕಲೆಯಿತ್ತು. ಇವಳು ಅದನ್ನು ನೋಡಿದಳು, ಶಾಲನ್ನು ಮುಟ್ಟಲಿಲ್ಲ. ಕುರ್ಚಿಯ ಕಾಲ ಬಳಿ ಬಿದ್ದಿದ್ದ ಕಾಲುಚೀಲಗಳನ್ನು ಬಗ್ಗಿ ಎತ್ತಿಕೊಂಡು, ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಹೊರಗೆ ನಡೆದಳು. ಹಿಂದೆ ಪುಟ ಮಗುಚಿದ ಸದ್ದು ಕೇಳಿಸಿತು.